ಬೆಕ್ಕಿನ ತೂಕ ಕಾರಣವಿಲ್ಲದೆ ಏರಿಳಿದರೆ ಏನನ್ನು ನೋಡಬೇಕು

ಕಾರವಾರ, ಅಂಕೋಲಾ, ಕುಮಟಾ ಕಡೆಯ ಬೆಕ್ಕುಗಳು ಒಂದೇ ಮನೆಯಲ್ಲಿ ಉಣ್ಣುವುದು ಅಪರೂಪ. ನಮ್ಮಲ್ಲಿ ಹಾಲು ಕುಡಿದು, ಪಕ್ಕದ ಮನೆಯವರು ಬಂಗಡೆ ಕೊಯ್ಯುವಾಗ ಅಲ್ಲಿ ಹೋಗಿ ಕೂರುವ ಬೆಕ್ಕಿನ ಹಸಿವನ್ನು ನಮ್ಮ ತಟ್ಟೆಯಲ್ಲಿ ಉಳಿದ ಅನ್ನದಿಂದ ತಿಳಿಯಲು ಆಗುವುದಿಲ್ಲ. ಆದ್ದರಿಂದ ತೂಕವನ್ನೇ ನಂಬಬೇಕು.

ತೂಕದ ಯಂತ್ರದ ಮೇಲೆ ಮೊದಲು ನೀವೊಬ್ಬರೇ ನಿಂತು, ಬಳಿಕ ಬೆಕ್ಕನ್ನು ಎತ್ತಿಕೊಂಡು ನಿಂತು, ಎರಡರ ವ್ಯತ್ಯಾಸವನ್ನು ದಿನಾಂಕದೊಂದಿಗೆ ಕ್ಯಾಲೆಂಡರಿನಲ್ಲೇ ಬರೆದಿಡಿ. ಹದಿನೈದು ದಿನಕ್ಕೊಮ್ಮೆ, ಊಟಕ್ಕೆ ಮೊದಲು ತೂಗಿದರೆ ಸಾಕು. ನಾಲ್ಕು ಕಿಲೋ ತೂಗುತ್ತಿದ್ದ ಬೆಕ್ಕು 400 ಗ್ರಾಂ ಇಳಿದಿದ್ದರೆ ಅದು ದೇಹದ ಹತ್ತನೇ ಒಂದು ಭಾಗ. ಬೆಕ್ಕು ಎಷ್ಟೇ ಚುರುಕಾಗಿ ಓಡಾಡುತ್ತಿದ್ದರೂ ಪಶುವೈದ್ಯರಿಗೆ ತೋರಿಸಲೇಬೇಕು.

ತೂಕದ ಜೊತೆಗೆ ಹಸಿವನ್ನೂ ಸೇರಿಸಿ ನೋಡಿದಾಗಲೇ ಕಾರಣದ ಸುಳಿವು ಸಿಗುತ್ತದೆ. ಚೆನ್ನಾಗಿ ತಿಂದೂ ಸೊರಗುತ್ತಿರುವ ಮರಿಯಲ್ಲಿ ಮೊದಲು ಜಂತುಹುಳುವನ್ನು ಅನುಮಾನಿಸಬೇಕು. ಹತ್ತು ವರ್ಷ ದಾಟಿದ ಬೆಕ್ಕು ಹೀಗೆ ಸೊರಗುತ್ತಾ, ರಾತ್ರಿಯಿಡೀ ಕೂಗುತ್ತಾ ಚಡಪಡಿಸುತ್ತಿದ್ದರೆ ಥೈರಾಯ್ಡ್ ಹೆಚ್ಚಾಗಿರಬಹುದು. ನೀರು ಕುಡಿಯುವುದೂ ಮೂತ್ರವೂ ಹೆಚ್ಚಿದ್ದರೆ ಸಕ್ಕರೆ ಕಾಯಿಲೆಯಿರಬಹುದು. ಹಸಿವು ಕುಗ್ಗಿ ಬಾಯಾರಿಕೆ ಮಾತ್ರ ಹೆಚ್ಚಿದ್ದರೆ ಮೂತ್ರಪಿಂಡದ ತೊಂದರೆಯ ಸಾಧ್ಯತೆಯಿದೆ. ಇವುಗಳನ್ನು ಕಣ್ಣಳತೆಯಲ್ಲಿ ಬೇರ್ಪಡಿಸಲಾಗದು, ರಕ್ತ ಮತ್ತು ಮೂತ್ರದ ಪರೀಕ್ಷೆಯೇ ಆಗಬೇಕು. ಆದರೆ ಮೀನಿನ ಹತ್ತಿರ ಆಸೆಯಿಂದ ಬಂದು, ಮೂಸಿ, ಒಂದೇ ಬದಿಯಲ್ಲಿ ಅಗಿಯಲು ನೋಡಿ ತುಂಡನ್ನು ಬಾಯಿಂದ ಬಿಟ್ಟುಬಿಡುವ ಬೆಕ್ಕಿಗೆ ಹಸಿವಿದೆ, ಬಾಯಿ ನೋಯುತ್ತಿದೆ. ಜೊಲ್ಲು ಮತ್ತು ದುರ್ವಾಸನೆ ಇದ್ದರೆ ಹಲ್ಲು, ಒಸಡನ್ನು ಪರೀಕ್ಷಿಸಲು ಹೇಳಿ.

ನಮ್ಮ ಕಡೆ ಇನ್ನೊಂದು ಸಂಗತಿಯಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಮೀನಿಗೇ ಒಗ್ಗಿಹೋದ ಬೆಕ್ಕು ಆಗ ಬರಿ ಅನ್ನವನ್ನು ಮುಟ್ಟದೆ ಕೂರಬಹುದು. ಮಳೆಗಾಲದ ಹಟವೆಂದು ಬಿಡಬೇಡಿ, ಅದರಲ್ಲೂ ದಪ್ಪಗಿರುವ ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯ ಬರಬಹುದು. ಮೇ ತಿಂಗಳಿನಿಂದಲೇ ಬೇಯಿಸಿದ ಕೋಳಿಮಾಂಸ ಅಥವಾ ಬೆಕ್ಕಿನ ಸಿದ್ಧ ಆಹಾರವನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ ಅಭ್ಯಾಸ ಮಾಡಿಸುವುದು ಒಳ್ಳೆಯದು. ಒಣಮೀನಿನಲ್ಲಿ ಉಪ್ಪು ಜಾಸ್ತಿ. ಕೆಲವು ಜಾತಿಯ ಹಸಿ ಮೀನನ್ನೇ ದಿನವೂ ತಿಂದರೆ ಬಿ1 ಜೀವಸತ್ವ ನಷ್ಟವಾಗುತ್ತದೆ, ಬೇಯಿಸಿದರೆ ಆ ಭಯವಿಲ್ಲ. ಶಿರಸಿ ಕಡೆಯ ಸಸ್ಯಾಹಾರಿ ಮನೆಗಳಲ್ಲಿ ಹಾಲು ಅನ್ನದಲ್ಲೇ ಬೆಳೆಯುವ ಬೆಕ್ಕಿಗೆ ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದೆ ಹೃದಯ, ಕಣ್ಣು ಎರಡೂ ಕೆಡಬಹುದು. ತಾವು ತಿನ್ನದವರೂ ಬೆಕ್ಕಿಗಾಗಿ ಸಿದ್ಧ ಆಹಾರದ ಪೊಟ್ಟಣವನ್ನಾದರೂ ತರಬೇಕೆಂಬುದು ನನ್ನ ಕಳಕಳಿಯ ಕೋರಿಕೆ.

ತೂಕ ಏರಿದರೆ ಸಾಮಾನ್ಯವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರದ ಅತಿ ಊಟವೋ, ಗರ್ಭವೋ ಕಾರಣ. ಆದರೂ ಬೆನ್ನಿನ ಮೇಲೆ ಕೈಯಾಡಿಸಿ ನೋಡಿ: ಬೆನ್ನೆಲುಬು ಕೈಗೆ ಚುಚ್ಚುವಂತಿದ್ದು ಹೊಟ್ಟೆ ಮಾತ್ರ ಉಬ್ಬಿದ್ದರೆ ಅದು ಕೊಬ್ಬಲ್ಲ, ಒಳಗೆ ನೀರು ತುಂಬಿರಬಹುದು, ಅಂದೇ ಪಶು ಆಸ್ಪತ್ರೆಗೆ ಒಯ್ಯಬೇಕು.

ಹೋಗುವಾಗ ತೂಕ ಬರೆದ ಹಾಳೆಯನ್ನು ಒಯ್ಯಿರಿ. ಪಕ್ಕದ ಮನೆಯವರು ಏನು ಹಾಕುತ್ತಾರೆಂದು ಕೇಳಿಕೊಂಡೇ ಹೊರಡಿ. ಹೊರಡುವ ಮೊದಲು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನೂ ಕೊಡಬೇಡಿ, ಅದು ಬೆಕ್ಕಿಗೆ ವಿಷ.