ಹದಿನಾಲ್ಕು ಡೇಟಾಬೇಸ್, ಒಂದೇ ಫೋಲ್ಡರ್: ನನ್ನ ಅನುಭವ

ಬಳ್ಳಾರಿಯ ಜೀನ್ಸ್ ಘಟಕಗಳಿಗೆ ನಾನು ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. 14 ಗಿರಾಕಿಗಳು, ಪೋಸ್ಟ್‌ಗ್ರೆಸ್ ಅನ್ನೋ ತಂತ್ರಾಂಶದಲ್ಲಿ 14 ಡೇಟಾಬೇಸ್. ಇನ್ನು ಮೇಲೆ ಟೇಬಲ್ ಬದಲಾವಣೆಯೆಲ್ಲ ಗಿಟ್‌ನಲ್ಲಿ (ಫೈಲುಗಳ ಬದಲಾವಣೆಯ ಇತಿಹಾಸ ಇಡುವ ಸಾಧನ) ಒಂದೇ ಫೋಲ್ಡರಿನ ಫೈಲುಗಳಾಗಿ, ಆ ಫೈಲುಗಳನ್ನು ಡೇಟಾಬೇಸ್‌ಗಳಲ್ಲಿ ಸರದಿಯಂತೆ ಓಡಿಸುವ ಫ್ಲೈವೇ ಮೂಲಕವೇ ಅಂದಾಗ ನನ್ನ ಪಾಲುದಾರ ನಕ್ಕ. "ನಮ್ಮೂರ ಕೌಲ್ ಬಜಾರ್ ಬಿಲ್ಲಿಗೆ ಬೆಂಗಳೂರು ಕಂಪನಿ ವೇಷ ಯಾಕೋ ಮಾರಾಯ?" ಈಗ ನಗಲ್ಲ.

ಮೊದಲು ಪಿಜಿಅಡ್ಮಿನ್ (ಪೋಸ್ಟ್‌ಗ್ರೆಸ್ ನೋಡಿಕೊಳ್ಳುವ ಪರದೆ) ತೆರೆದು ಒಂದೊಂದರಲ್ಲೂ ಕೈಯಿಂದಲೇ ಬದಲಿಸುತ್ತಿದ್ದೆ. ಹಾಗಾಗಿ ಸ್ಕೀಮಾ ಡಂಪ್ (ಟೇಬಲ್, ಕಾಲಂಗಳ ಪಟ್ಟಿ) ತೆಗೆದು ಹೋಲಿಸಿದಾಗ ನನಗೇ ನಾಚಿಕೆಯಾಯಿತು. ಒಂದು ಕಡೆ 'ರೇಟ್', ಇನ್ನೊಂದು ಕಡೆ 'ರೇಟ್2', ಮತ್ತೊಂದರಲ್ಲಿ ಎರಡೂ! ಎಲ್ಲವನ್ನೂ ಒಂದೇ ಹದಕ್ಕೆ ತಂದು ಬೇಸ್‌ಲೈನ್ (ಫ್ಲೈವೇ ಇಲ್ಲಿಂದ ಶುರು ಅನ್ನೋ ಗುರುತು) ಹಾಕಲು ಹೆಚ್ಚುಕಡಿಮೆ ಎರಡು ತಿಂಗಳು ರಾತ್ರಿ ಕೆಲಸ. ದುಡ್ಡು ಅಂದ್ರೆ, ಪ್ರಯೋಗಕ್ಕೆ ಹಳೇ ಲ್ಯಾಪ್‌ಟಾಪ್ ಸುಮಾರು 11 ಸಾವಿರ. ಫ್ಲೈವೇ ಕಮ್ಯುನಿಟಿ ಆವೃತ್ತಿ ಪುಕ್ಕಟೆ.

ದೊಡ್ಡ ಪೆಟ್ಟು ಬಿದ್ದಿದ್ದು ಒಂದು ಮಧ್ಯಾಹ್ನ. ಸಣ್ಣ ಕಾಲಂ ಸೇರಿಸೋದು ತಾನೇ ಅಂತ ಆಲ್ಟರ್ ಟೇಬಲ್ (ಟೇಬಲ್ ಬದಲಿಸುವ ಆಜ್ಞೆ) ಓಡಿಸಿದೆ. ಅಲ್ಲಿ ಯಾರೋ ವರ್ಷದ ರಿಪೋರ್ಟ್ ಹಾಕಿ ಊಟಕ್ಕೆ ಹೋಗಿದ್ದರು. ಅದು ಮುಗಿದು ಟೇಬಲ್‌ನ ಬೀಗ (ಲಾಕ್) ಸಿಗಲಿ ಅಂತ ನನ್ನ ಆಲ್ಟರ್ ಕಾಯುತ್ತಾ ನಿಂತಿತು, ಅದರ ಹಿಂದೆ ಬಂದ, ಬರೀ ಓದುವ ಸೆಲೆಕ್ಟ್‌ಗಳೂ ಸಾಲಾಗಿ ನಿಂತವು. "ಅಣ್ಣಾ, ಬಿಲ್ ಬರ್ತಿಲ್ಲ ನೋಡ್ರಿ, ಲಾರಿ ನಿಂತೈತೆ" ಅಂತ ಫೋನು. ಆ ವರ್ಷದ ನಿರ್ವಹಣಾ ಶುಲ್ಕ, 18 ಸಾವಿರವೋ ಏನೋ, ಅಲ್ಲಿಗೇ ಹೋಯಿತು. ಅಂದಿನಿಂದ ಪ್ರತಿ ಫೈಲಿನ ಮೊದಲ ಸಾಲು ಲಾಕ್ ಟೈಮ್‌ಔಟ್, 3 ಸೆಕೆಂಡು. ಲಾಕ್ ಸಿಗಲಿಲ್ಲವೋ, ಸುಮ್ನೆ ಬಿಟ್ಟು ಆಮೇಲೆ ಬಾ.

ಇನ್ನೊಂದು ದಡ್ಡತನ: ಆಗಲೇ ಓಡಿದ್ದ ಫೈಲಿನ ಕಾಮೆಂಟ್‌ನಲ್ಲಿ ಕಾಗುಣಿತ ತಿದ್ದಿದೆ. ಮರುದಿನ ಚೆಕ್‌ಸಮ್ (ಫೈಲ್ ಬದಲಾಗಿದೆಯಾ ಅಂತ ತಿಳಿಸುವ ಲೆಕ್ಕದ ಸಂಖ್ಯೆ) ಹೊಂದಲ್ಲ ಅಂತ ಫ್ಲೈವೇ ಎಲ್ಲಾ ಕಡೆ ಹಟ ಹಿಡಿಯಿತು. ಹಳೆಯದನ್ನು ಮುಟ್ಟಬಾರದು, ಹೊಸ ಫೈಲ್ ಬರೀಬೇಕು.

ಈಗ ರಾತ್ರಿ ಬ್ಯಾಕಪ್ ಆ ಹಳೇ ಲ್ಯಾಪ್‌ಟಾಪಿನ ಡಾಕರ್‌ನಲ್ಲಿ (ತಂತ್ರಾಂಶಗಳನ್ನು ಬೇರೆಯಾಗಿ ಓಡಿಸುವ ಸಾಧನ) ರೀಸ್ಟೋರ್ ಆಗುತ್ತದೆ, ಹೊಸ ಫೈಲ್ ಮೊದಲು ಅಲ್ಲೇ ಓಡಬೇಕು. ಬ್ಯಾಕಪ್ ಸರಿ ಇದೆಯಾ ಅನ್ನೋದೂ ಗೊತ್ತಾಗುತ್ತದೆ. ಗಿರಾಕಿಗಳ ಫೋನ್ ನಂಬರ್ ಮರೆಮಾಚಿಯೂ ಹುಡುಕಾಟ ಕೆಲಸ ಮಾಡುವ ಹಾಗೆ ಒಂದು ಸ್ಕ್ರಿಪ್ಟ್ ಇದೆ, ಅದನ್ನಿಲ್ಲಿ ಹಾಕಲ್ಲ, ಬೇಜಾರು ಮಾಡ್ಕೋಬೇಡಿ.

2025ರ ಸೆಪ್ಟೆಂಬರ್ 22ಕ್ಕೆ ಬಟ್ಟೆಯ ಜಿಎಸ್‌ಟಿ ಬದಲಾಯಿತು. 1000 ರೂಪಾಯಿವರೆಗೆ 5%, ಮೇಲೆ 12% ಇದ್ದದ್ದು 2500ರವರೆಗೆ 5%, ಮೇಲೆ 18% ಆಯಿತು. ದರದ ಟೇಬಲ್‌ನಲ್ಲಿ 'ಯಾವಾಗಿನಿಂದ' ಅನ್ನೋ ಕಾಲಂ ಮೊದಲೇ ಇತ್ತು. ಒಂದು ಫೈಲ್, 12 ಡೇಟಾಬೇಸ್, ನಾಲ್ಕೈದು ನಿಮಿಷ. ಉಳಿದ ಎರಡನ್ನು ಪಾಲುದಾರ ತನ್ನ ಹಳೇ ದಾರಿಯಲ್ಲೇ ಮಾಡ್ತೀನಿ ಅಂತ ಇಟ್ಟುಕೊಂಡಿದ್ದ. ಒಂದೂವರೆ ಗಂಟೆ ಆದ ಮೇಲೆ ಒಂದರಲ್ಲಿ 2500ರ ಬದಲು 250 ಹೊಡೆದಿದ್ದ. ಆ ಎರಡನ್ನೂ ಮರುದಿನವೇ ನನ್ನ ಫೋಲ್ಡರಿಗೆ ತಳ್ಳಿದ.