ಕೆಟ್ಟ ಉಪಕರಣಗಳ ಪೆಟ್ಟಿಗೆ: ಪ್ಯಾಟ್ ಕೆಲಸಕ್ಕೆ ಹುಡುಗನನ್ನು ತಯಾರು ಮಾಡಿದ ನನ್ನ ಅನುಭವ

ಬಿ.ಕಾಂ. ಓದಿರುವ ಅಕ್ಕನ ಮಗನನ್ನು ಪ್ಯಾಟ್, ಅಂದರೆ ವಿದ್ಯುತ್ ಉಪಕರಣಗಳು ಸುರಕ್ಷಿತವೇ ಎಂದು ನೋಡುವ ಪರೀಕ್ಷೆಯ ಕೆಲಸಕ್ಕೆ ಹಚ್ಚುತ್ತೇನೆ ಎಂದಾಗ ಇಲ್ಲಿ ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿರುವ ನಮ್ಮದೇ ಕಸುಬಿನ ಇಬ್ಬರು ಸ್ನೇಹಿತರು ನಕ್ಕಿದ್ದರು. ಎಲೆಕ್ಟ್ರಿಷಿಯನ್ ಅಲ್ಲದವನ ಸಹಿಯನ್ನು ಯಾರೂ ಒಪ್ಪುವುದಿಲ್ಲ ಎಂಬುದು ಅವರ ವಾದವಾಗಿತ್ತು. ಈಗ ಎರಡು ವರ್ಷಗಳಿಂದ ಅವನು ಒಬ್ಬನೇ ಶಾಲೆ, ಕಚೇರಿಗಳಿಗೆ ಹೋಗಿ ದಿನಕ್ಕೆ ಹೆಚ್ಚುಕಡಿಮೆ 140 ಉಪಕರಣಗಳನ್ನು ನೋಡಿ ಬರುತ್ತಿದ್ದಾನೆ, ಒಬ್ಬ ಗಿರಾಕಿಯೂ ಬಿಟ್ಟುಹೋಗಿಲ್ಲ.

ಕೆಲಸದ ಜಾಗದ ವಿದ್ಯುತ್ ಸುರಕ್ಷತೆಗೆಂದು ಇಲ್ಲಿರುವ 1989ರ ಎಲೆಕ್ಟ್ರಿಸಿಟಿ ಅಟ್ ವರ್ಕ್ ನಿಯಮಾವಳಿಯ 16ನೆಯ ನಿಯಮವು ಅಪಾಯವನ್ನು ತಡೆಯಲು ಬೇಕಾದ ತಿಳಿವಳಿಕೆ ಅಥವಾ ಅನುಭವವನ್ನು ಕೇಳುತ್ತದೆಯೇ ಹೊರತು ಇಂಥದ್ದೇ ಸರ್ಟಿಫಿಕೇಟು ಬೇಕೆನ್ನುವುದಿಲ್ಲ. ಆದರೆ ಗಿರಾಕಿಗಳು ಮೊದಲು ಕೇಳುವುದು ಪ್ಯಾಟ್ ಕೆಲಸದ ಸರ್ಟಿಫಿಕೇಟಾದ ಸಿಟಿ ಅಂಡ್ ಗಿಲ್ಡ್ಸ್ 2377ರ ಕಾಗದವನ್ನೇ. ಆದ್ದರಿಂದ ಪುಸ್ತಕವೂ ಸೇರಿ ಸುಮಾರು 320 ಪೌಂಡ್ ಖರ್ಚು ಮಾಡಿ ಅದನ್ನೂ ಕೊಡಿಸಿದೆ. ಹುಡುಗ ಒಳ್ಳೆಯ ಅಂಕಗಳಲ್ಲಿ ಪಾಸಾದ, ಮರುವಾರವೇ ನನಗೆ ನಷ್ಟ ಮಾಡಿದ.

ಒಂದು ಶಾಲೆಯಲ್ಲಿ ಹತ್ತು ಮೀಟರಿನ ಒಂಬತ್ತು ಎಕ್ಸ್‌ಟೆನ್ಷನ್‌ಗಳನ್ನು ಅವನು ಫೇಲ್ ಮಾಡಿ, ಪ್ಲಗ್ಗುಗಳನ್ನು ಕತ್ತರಿಸಿಯೇ ಬಿಟ್ಟಿದ್ದ. ಅರ್ಥ್ ವೈರಿನ ರೆಸಿಸ್ಟೆನ್ಸ್ 0.1 ಓಮ್ ದಾಟಿತ್ತು ಎಂಬುದೇ ಕಾರಣ. ಆದರೆ 1.25 ಚದರ ಮಿ.ಮೀ. ವೈರಿಗೆ ಮೀಟರೊಂದಕ್ಕೆ 15.6 ಮಿಲಿಓಮ್ ಲೆಕ್ಕ ಹಿಡಿದರೆ ವೈರಿನದ್ದೇ 0.156 ಓಮ್ ಆಗುತ್ತದೆ, ಅದರ ಮೇಲೆ 0.1 ಸೇರಿಸಿ 0.256ರವರೆಗೆ ಒಪ್ಪಬೇಕು. ಹೊಸದನ್ನು ಕೊಡಿಸಲು ನನ್ನ ಜೇಬಿನಿಂದ 130 ಪೌಂಡ್ ಹೋಯಿತು. ಅದಕ್ಕಿಂತ ಕೆಟ್ಟದ್ದು ಸ್ಟಾಫ್ ರೂಮಿನ ಟೋಸ್ಟರಿನದು. ಅದರ ಪ್ಲಗ್ಗಿನ ಹಿಡಿತದಿಂದ ಹೊರಕವಚ ಜಾರಿ, ಕಂದು ಮತ್ತು ನೀಲಿ ಎಳೆಗಳು ಬೆರಳಗಲ ಕಾಣುತ್ತಿದ್ದವು. ಅದರ ಮೇಲೆ ಅವನು ಹಸಿರು ಸ್ಟಿಕ್ಕರ್ ಅಂಟಿಸಿದ್ದ. ಕೇಳಿದರೆ, "ಮೀಟರ್ ಪಾಸ್ ಅಂತ ತೋರಿಸ್ತಲ್ಲ ಮಾವ" ಎಂದ.

ಆಗ ಹೊಳೆದದ್ದು ಪೆಟ್ಟಿಗೆಯ ಉಪಾಯ. ಜನ ಹಳೆಯ ಸಾಮಾನನ್ನು ಕಾರಿನಲ್ಲಿ ತಂದು ಮಾರುವ ಕಾರ್ ಬೂಟ್ ಸೇಲ್‌ಗಳಲ್ಲಿ 35–40 ಪೌಂಡಿಗೆ 22 ಹಳೆಯ ಉಪಕರಣಗಳನ್ನು ಕೊಂಡು, ಹದಿನೈದರಲ್ಲಿ ನಾನೇ ಬೇಕೆಂದು ದೋಷ ಮಾಡಿ, ಉಳಿದವನ್ನು ಸರಿಯಾಗಿಯೇ ಇಟ್ಟೆ. ಟೇಬಲ್ ಲ್ಯಾಂಪಿನ ಪ್ಲಗ್ಗಿಗೆ ಬೇಕಾದ್ದಕ್ಕಿಂತ ದೊಡ್ಡದಾದ 13 ಆಂಪಿಯರಿನ ಫ್ಯೂಸು, ಲೈವ್ ಮತ್ತು ನ್ಯೂಟ್ರಲ್ ಅದಲುಬದಲಾದ ಎಕ್ಸ್‌ಟೆನ್ಷನ್, ಪಿನ್ನಿನ ಬುಡಕ್ಕೆ ಕವಚವಿಲ್ಲದ ಕಳ್ಳ ಪ್ಲಗ್ಗು, ವೈರನ್ನು ಬಗ್ಗಿಸಿದಾಗ ಮಾತ್ರ ತಪ್ಪಿಹೋಗುವ ಅರ್ಥ್. ವೋಲ್ಟೇಜ್ ಏಕಾಏಕಿ ಏರಿದರೆ ತಡೆಯುವ, ಸರ್ಜ್ ರಕ್ಷಣೆಯ ಒಂದು ಎಕ್ಸ್‌ಟೆನ್ಷನ್ ಬೋರ್ಡನ್ನೂ ಹಾಕಿದ್ದೆ. ಇನ್ಸುಲೇಷನ್ ಪರೀಕ್ಷೆಯನ್ನು 500 ವೋಲ್ಟಿನಲ್ಲಿ ಮಾಡಿದರೆ ಮೀಟರ್ ಅದನ್ನು ಫೇಲ್ ಎನ್ನುತ್ತದೆ, 250ಕ್ಕೆ ಇಳಿಸಿದರೆ ಅದರಲ್ಲಿ ದೋಷವೇನೂ ಇಲ್ಲ. ಇನ್ನೆರಡು ದೋಷಗಳನ್ನು ಇಲ್ಲಿ ಬರೆಯುವುದಿಲ್ಲ, ಮುಂದೆ ಕಲಿಯಲು ಬರುವವರೂ ಇದನ್ನು ಓದಬಹುದು. ಪೆಟ್ಟಿಗೆಗೆ ಬೀಗ ಹಾಕಿಯೇ ಇಡುತ್ತೇನೆ.

ಪ್ರತಿ ಭಾನುವಾರ ದೋಷಗಳನ್ನು ಬದಲಾಯಿಸಿಟ್ಟು, ಮೀಟರನ್ನು ಮುಟ್ಟುವ ಮೊದಲೇ ತೀರ್ಪನ್ನೂ ಕಾರಣವನ್ನೂ ಅವನಿಂದ ನೋಟ್‌ಬುಕ್ಕಿನಲ್ಲಿ ಬರೆಸಿ, ಆಮೇಲೆ ಪರೀಕ್ಷೆ ಮಾಡಿಸುತ್ತಿದ್ದೆ. ಒಳ್ಳೆಯದನ್ನು ಫೇಲ್ ಮಾಡಿದರೂ ತಪ್ಪೆಂದೇ ಎಣಿಸುತ್ತಿದ್ದೆ. ಮೊದಲ ವಾರ 22ರಲ್ಲಿ 12 ಸರಿಯಾದವು, ಎಂಟನೆಯದೋ ಒಂಬತ್ತನೆಯದೋ ವಾರ 21. ನಮ್ಮ ಗಿರಾಕಿಯಾದ ಶಾಲೆಯವರು ಹುಡುಗನ ಸಾಮರ್ಥ್ಯಕ್ಕೆ ಪುರಾವೆ ಕೇಳಿದಾಗ ಸರ್ಟಿಫಿಕೇಟಿನ ಜೊತೆಗೆ ಆ ನೋಟ್‌ಬುಕ್ಕನ್ನೂ ಕೊಟ್ಟೆವು. ಅವರು ತಿರುವಿಹಾಕಿ ನೋಡಿದ್ದು ನೋಟ್‌ಬುಕ್ಕನ್ನೇ.

ಈ ನಡುವೆ ಯುಗಾದಿಗೆಂದು ನಮ್ಮವರು ಬಾಡಿಗೆಗೆ ಹಿಡಿದ ಸಭಾಂಗಣದವರು ಸ್ಟಿಕ್ಕರ್ ಇಲ್ಲದ ಗ್ರೈಂಡರನ್ನು ಒಳಗೆ ಬಿಡುವುದಿಲ್ಲ ಎಂದರು. ಬೆಂಗಳೂರಿನಿಂದ ತಂದ ವೆಟ್ ಗ್ರೈಂಡರ್ ಅದು, ದುಂಡು ಪಿನ್ನಿನ ಪ್ಲಗ್ಗಿಗೆ ಕನ್ವರ್ಟರ್ ಸಿಕ್ಕಿಸಿದ್ದರು. ಅದನ್ನು ತೆಗೆದು ಇಲ್ಲಿನ ಪ್ಲಗ್ಗು ಮತ್ತು 3 ಆಂಪಿಯರಿನ ಫ್ಯೂಸು ಹಾಕಿದೆವು. ಇನ್ಸುಲೇಷನ್ ಮಾತ್ರ 0.4 ಮೆಗಾಓಮ್, ಅರ್ಥ್ ಇರುವ ಇಂಥ ಕ್ಲಾಸ್ ಒಂದರ ಉಪಕರಣಕ್ಕೆ ಒಂದು ಮೆಗಾಓಮ್ ಆದರೂ ಬೇಕು. ಎರಡು ದಿನ ರೇಡಿಯೇಟರಿನ ಪಕ್ಕದಲ್ಲಿಟ್ಟರೆ ಇಪ್ಪತ್ತು ದಾಟಿತು. ಅಲ್ಲಿಗೇ ಸ್ಟಿಕ್ಕರ್ ಅಂಟಿಸಬಹುದಿತ್ತು, ಆದರೆ ಹುಡುಗನೇ ಒಪ್ಪಲಿಲ್ಲ. ಮೂರು ಸಲ ಹಿಟ್ಟು ರುಬ್ಬಿಸಿ ಅಳೆದಾಗ 0.7ಕ್ಕೆ ಇಳಿದಿತ್ತು. ಬಿಚ್ಚಿದರೆ, ಸವೆದ ರಬ್ಬರ್ ಸೀಲಿನ ಮೂಲಕ ಹಿಟ್ಟಿನ ನೀರು ಮೋಟಾರಿಗೆ ಇಳಿಯುತ್ತಿತ್ತು. ಹೋಳಿಗೆಯ ಹೂರಣವನ್ನು ಆ ವರ್ಷ ಮನೆಯಲ್ಲೇ ರುಬ್ಬಿ ತಂದರು.

ಉಪಕರಣಕ್ಕೆ 1 ಪೌಂಡ್ 20 ಪೆನ್ಸ್, ಭೇಟಿಗೆ ಕನಿಷ್ಠ 65 ಪೌಂಡ್ ನಮ್ಮ ದರ. 50 ಪೆನ್ಸಿಗೆ ಮಾಡಿಕೊಡುವವರೂ ಇದ್ದಾರೆ, ಆ ದರಕ್ಕೆ ಪ್ಲಗ್ಗನ್ನು ಬಿಚ್ಚಿ ನೋಡುವಷ್ಟು ಹೊತ್ತು ಸಿಗುವುದಿಲ್ಲ. ನಕ್ಕವರಲ್ಲಿ ಒಬ್ಬರು ತಮ್ಮ ಹೊಸ ಹುಡುಗನಿಗಾಗಿ ಕಳೆದ ತಿಂಗಳು ಪೆಟ್ಟಿಗೆಯನ್ನು ಕೇಳಿ ಒಯ್ದರು. ಉತ್ತರಗಳ ಹಾಳೆಯನ್ನು ಮಾತ್ರ ನಾನು ಕೊಡಲಿಲ್ಲ.