ಬೀಗ ಹಾಕಿದ ಬಾಗಿಲು ಮತ್ತು ಒಂದು ಫೋನ್ ಕರೆ

ಕುಡಿತ ಬಿಡಬೇಕು ಅನ್ನಿಸಿದ ದಿನಕ್ಕೂ, ಕುಡಿತ ಬಿಡುವವರು ಸೇರುವ ಮೀಟಿಂಗ್ ಎಲ್ಲಿ ನಡೆಯುತ್ತದೆ ಎಂದು ಬಾಯಿಬಿಟ್ಟು ಕೇಳಿದ ದಿನಕ್ಕೂ ನಡುವೆ ಮೂರು ತಿಂಗಳು ಹೋಯಿತು. ಅಷ್ಟೂ ದಿನ ಕುಡಿಯುತ್ತಲೇ ಇದ್ದೆ. ರಾತ್ರಿ ಮೊಬೈಲಿನಲ್ಲಿ ವಿಳಾಸ ಹುಡುಕುವುದು, ಬೆಳಿಗ್ಗೆ ಹುಡುಕಿದ್ದರ ಗುರುತು ಅಳಿಸುವುದು. ನಾನು ಕುಡಿಯುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಿಡಲು ನೋಡುತ್ತಿದ್ದೇನೆ ಅನ್ನುವುದು ಮಾತ್ರ ಗೊತ್ತಾಗಬಾರದು! ಬಿಡಲಾಗದಿದ್ದರೆ ಮರ್ಯಾದೆ ಹೋಗುತ್ತದಲ್ಲ.

ಮೀಟಿಂಗಿಗೆ ಮೊದಲು ಡಾಕ್ಟರ ಬಳಿ ಹೋದೆ. ನಾನು ಮಾಡಿದ ಒಂದೇ ಜಾಣತನ ಅದು. ದಿನವೂ ಹೆಚ್ಚು ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ದೆಗೇಡಿಗೇ ಮುಗಿಯದೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಎಲ್ಲಿದ್ದೇನೆ ಎಂದೇ ತಿಳಿಯದಿರುವುದು ಶುರುವಾದರೆ ಜೀವಕ್ಕೇ ಅಪಾಯ. ಇದಕ್ಕೆ ಮೀಟಿಂಗಿನಲ್ಲಿ ಔಷಧ ಇಲ್ಲ. ದಿನಕ್ಕೆ ಎಷ್ಟು ಎಂದು ಡಾಕ್ಟರು ಕೇಳಿದಾಗ ಅರ್ಧ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ಸುಮ್ಮನೆ ನೋಡಿದರು. ಉಳಿದರ್ಧವನ್ನೂ ಹೇಳಿದೆ.

ಆಮೇಲೆ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಲ್ಲರೂ ಎಎ ಅನ್ನುವ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟದ ಹತ್ತಿರದ ಗುಂಪು ಹುಡುಕಿದೆ. ಎಲ್ಲೋ ಸಿಕ್ಕ ಹಳೆಯ ಪಟ್ಟಿಯೊಂದನ್ನು ನಂಬಿ, ಒಂದು ಸಂಜೆ ಧೈರ್ಯ ಮಾಡಿ ಹೋದರೆ ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಕತ್ತಲು. ನಿಜ ಹೇಳಬೇಕೆಂದರೆ ಬೇಸರಕ್ಕಿಂತ ಹೆಚ್ಚು ನೆಮ್ಮದಿಯೇ ಆಯಿತು. ‘ನಾನು ಪ್ರಯತ್ನಪಟ್ಟೆ’ ಎಂದು ಹೇಳಿಕೊಂಡು ನೇರ ಬಾರಿಗೆ ಹೋದೆ. ಕುಡುಕನ ಕೈಗೆ ಇಂಥ ನೆಪ ಸಿಗಬಾರದು. ಅದಕ್ಕೇ ಹೇಳುತ್ತೇನೆ, ಹೋಗುವ ಮೊದಲು ಫೋನ್ ಮಾಡಿ. ಜಾಗ, ದಿನ, ಹೊತ್ತು ಬದಲಾಗುತ್ತಲೇ ಇರುತ್ತವೆ.

ಫೋನ್ ಮಾಡಿದ ದಿನ ಅತ್ತ ಕಡೆಯವರು ಕೇಳಿದ್ದು ಒಂದೇ: “ಇವತ್ತು ಕುಡಿದಿದ್ದೀರಾ?” ಹೂಂ ಅಂದೆ. “ಪರವಾಗಿಲ್ಲ, ನಾಳೆ ಬನ್ನಿ. ನಾನು ಗೇಟಿನ ಹತ್ತಿರ ನಿಂತಿರುತ್ತೇನೆ.” ಹೆಸರು ನೋಂದಾಯಿಸಬೇಕಿಲ್ಲ, ಶುಲ್ಕವಿಲ್ಲ. ಕುಡಿತ ನಿಲ್ಲಿಸುವ ಆಸೆ ಇದ್ದರೆ ಸಾಕು, ಸದಸ್ಯನಾಗಲು ಎಎ ಕೇಳುವುದು ಅದೊಂದೇ. ಓಪನ್ ಮೀಟಿಂಗಿಗೆ ಯಾರು ಬೇಕಾದರೂ ಬರಬಹುದು, ಜೊತೆಗೆ ಮನೆಯವರನ್ನೂ ಕರೆದುಕೊಂಡು ಹೋಗಬಹುದು. ಕ್ಲೋಸ್ಡ್ ಆದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ನಿಮ್ಮದು ಯಾವುದು ಎಂದು ಅದೇ ಕರೆಯಲ್ಲಿ ಕೇಳಿಕೊಳ್ಳಿ. ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂಬುದನ್ನೂ ಕೇಳಿ. ಅಳು ಬಂದಾಗ ಪರಭಾಷೆ ಕೈಕೊಡುತ್ತದೆ.

ಗೇಟಿನ ಮುಂದೆ ಎರಡು ಸಲ ಹಾದು ಹೋದೆ. ಮೂರನೇ ಸಲ ಅವರೇ ಕೈ ಎತ್ತಿದರು. ಒಳಗೆ ಹಿಂದಿನ ಸಾಲಿನಲ್ಲಿ, ಬಾಗಿಲಿಗೆ ಹತ್ತಿರದ ಕುರ್ಚಿ ಹಿಡಿದೆ. ನನ್ನ ಸರದಿ ಬಂದಾಗ “ಇವತ್ತು ಕೇಳಲು ಬಂದಿದ್ದೇನೆ” ಅಂದೆ, ಮುಂದಿನವರು ಶುರು ಮಾಡಿದರು, ಅಷ್ಟೇ. ಒಬ್ಬರು ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕಿನಲ್ಲಿ ಬಾಟಲಿ ಅಡಗಿಸುತ್ತಿದ್ದುದನ್ನು ಹೇಳಿದರು. ಲೇಬಲ್ ನೀರಲ್ಲಿ ಬಿಚ್ಚಿ ಬಂದು ಫ್ಲಶ್ ಕಟ್ಟಿಕೊಂಡು ಸಿಕ್ಕಿಬಿದ್ದರಂತೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಾನು ಲೇಬಲ್ ಮೊದಲೇ ಕಿತ್ತು ಇಡುತ್ತಿದ್ದೆ.

ಎಎ ಹುಟ್ಟಿದ ಕತೆಯೂ ಹೀಗೆ ಯಾರನ್ನೋ ಹುಡುಕಿದ ಕತೆಯೇ ಎಂದು ಆಮೇಲೆ ತಿಳಿಯಿತು. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಊರು. ವ್ಯವಹಾರ ಕೆಟ್ಟು ಹೋಟೆಲಿನ ಲಾಬಿಯಲ್ಲಿ ಒಬ್ಬನೇ ನಿಂತಿದ್ದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಆಗಿನ್ನೂ ಐದು ತಿಂಗಳು. ಒಂದು ಕಡೆ ಬಾರಿನ ಗಲಾಟೆ, ಇನ್ನೊಂದು ಕಡೆ ಚರ್ಚುಗಳ ಪಟ್ಟಿ ಮತ್ತು ಫೋನು. ತನ್ನಂತೆಯೇ ಕುಡಿತಕ್ಕೆ ಸಿಕ್ಕವರ ಜೊತೆ ಮಾತಾಡಿದರೆ ತಾನು ಉಳಿದೇನು ಅನ್ನಿಸಿ ಆತ ಫೋನು ಹಿಡಿದ. ಒಬ್ಬರಿಂದ ಒಬ್ಬರಿಗೆ ದಾಟಿ, ಕೊನೆಗೆ ಸಿಕ್ಕಿದ್ದು ಡಾಕ್ಟರ್ ಬಾಬ್ ಸ್ಮಿತ್ ಎಂಬ ಸರ್ಜನ್. ಹದಿನೈದೇ ನಿಮಿಷ ಎಂದು ಬಂದವರು ಗಂಟೆಗಟ್ಟಲೆ ಕೂತರು. ಬಾಬ್ ಕೊನೆಯ ಸಲ ಕುಡಿದದ್ದೆಂದು ಲೆಕ್ಕ ಹಿಡಿದ 1935ರ ಜೂನ್ 10ನ್ನೇ ಎಎಯ ಹುಟ್ಟುದಿನ ಅನ್ನುತ್ತಾರೆ. ಬಿಲ್‌ಗೆ ಹೋಗಲು ಮೀಟಿಂಗೇ ಇರಲಿಲ್ಲ. ನನಗೆ ಪಟ್ಟಿ ಇತ್ತು, ಫೋನು ಮಾಡಲು ಮೂರು ತಿಂಗಳು ತೆಗೆದುಕೊಂಡೆ.

ಎಲ್ಲ ಗುಂಪೂ ಒಗ್ಗುವುದಿಲ್ಲ. ನಾನು ಹೋದ ಇನ್ನೊಂದು ಗುಂಪಿನಲ್ಲಿ ಪ್ರಾರ್ಥನೆ ಹೆಚ್ಚಾಯಿತು ಅನ್ನಿಸಿತು. ಕುಡಿತದಿಂದ ಹೊರಬರಲು ಎಎ ಹೇಳುವ ಹನ್ನೆರಡು ಮೆಟ್ಟಿಲುಗಳಲ್ಲಿ, ಅಂದರೆ ಹಂತಗಳಲ್ಲಿ, ದೇವರ ಮಾತು ಬರುತ್ತದೆ, ಅವರವರು ಅರಿತಂತೆ ಎಂಬ ವಿನಾಯಿತಿಯ ಸಮೇತ. ಅದೂ ಬೇಡ ಅನ್ನುವವರಿಗೆ 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿ ಇದೆ, ಅಲ್ಲಿ ಯೋಚನೆ ತಿದ್ದಿಕೊಳ್ಳುವ ಅಭ್ಯಾಸಗಳ ಮೇಲೆ ಒತ್ತು. ನನ್ನ ಹೆಂಡತಿ ಹೋಗುತ್ತಿರುವುದು ಕುಡಿಯುವವರ ಮನೆಯವರಿಗಾಗಿ ಇರುವ ಅಲ್-ಅನಾನಿಗೆ. ಅಲ್ಲಿ ನನ್ನ ಬಗ್ಗೆ ಏನು ಹೇಳುತ್ತಾಳೋ ನಾನು ಕೇಳಿಲ್ಲ. ಒಂದೇ ಮೀಟಿಂಗಿಗೆ ತೀರ್ಪು ಕೊಡಬೇಡಿ, ಐದಾರು ನೋಡಿ. ಆದರೆ ಡಾಕ್ಟರು ಕೊಟ್ಟ ಮಾತ್ರೆ ಬಿಡಿ ಎಂದು ಯಾರಾದರೂ ಅಂದರೆ ಆ ಮಾತು ಅಲ್ಲೇ ಬಿಟ್ಟು ಬನ್ನಿ.

ನಾನು ಹೋಗುವ ಗುಂಪು ಹೋದ ವರ್ಷ ಜಾಗ ಬದಲಿಸಿತು. ಪಟ್ಟಿ ತಿದ್ದಿಸುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ತಿದ್ದಿಸಿದ ಮೇಲೂ ಹಳೆಯ ಬಾಗಿಲಿಗೆ ಹೊಸ ವಿಳಾಸದ ಚೀಟಿ ಅಂಟಿಸಿ, ಮೊದಲ ನಾಲ್ಕು ವಾರ ಮೀಟಿಂಗ್ ಹೊತ್ತಿಗೆ ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದೆ. ಮೂರನೇ ವಾರ ಒಬ್ಬರು ಬಂದರು.